ಎದೆನೋವು ಬಂತು ಅಂದರೆ ಹಾರ್ಟ್ ಅಟ್ಯಾಕೇ?

2025ರ ಮಳೆಗಾಲ ನಿಮಗೆ ನೆನಪಿರಬಹುದು. ಆ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಮೇಲಿಂದ ಮೇಲೆ ಸುದ್ದಿ ಬರುತ್ತಿತ್ತು. ಇವತ್ತು ಒಬ್ಬರಿಗೆ ಹಾರ್ಟ್ ಅಟ್ಯಾಕ್. ಮತ್ತೆ ಇನ್ನೊಬ್ಬರಿಗೆ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿ.ವಿ.ಯಲ್ಲಿ ಅದೇ ಮಾತು. ಮೊಬೈಲಿನಲ್ಲೂ ಅದೇ ಮಾತು.

ಗೋಣಿಬೀಡಿನವರಿಗೆ ಹಾಸನ ದೂರದ ಊರಲ್ಲ. ಬೇಲೂರು, ಸಕಲೇಶಪುರ ನಮ್ಮ ಮೂಡಿಗೆರೆ ತಾಲ್ಲೂಕಿಗೆ ತಾಗಿಕೊಂಡೇ ಇವೆ. ಹೆಣ್ಣು ಕೊಟ್ಟವರು, ತಂದವರು ಅಲ್ಲಿದ್ದಾರೆ. ಹಾಗಾಗಿ ಭಯವೂ ಬೇಗ ಗಡಿ ದಾಟಿತು. ಎದೆ ಸ್ವಲ್ಪ ಚುಳುಕ್ ಅಂದರೂ ಸಾಕು, "ನಂಗೂ ಬಂತಾ?" ಅನ್ನುವ ಹೆದರಿಕೆ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನರ ಸಾಲು ನಿಂತಿತು.

ಆಗ ಕರ್ನಾಟಕ ಸರ್ಕಾರ ಒಂದು ಸಮಿತಿ ಮಾಡಿತು. ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅದರ ಮುಖ್ಯಸ್ಥರಾಗಿದ್ದರು. ಸಮಿತಿಯವರು 24 ಸಾವುಗಳ ವಿವರ ತೆಗೆದು ನೋಡಿದರು. ಇದರಲ್ಲಿ 20 ಸಾವು ಹೃದಯದ ಕಾಯಿಲೆಯಿಂದ ಆಗಿವೆ, ಅಥವಾ ಆಗಿರಬಹುದು ಎಂದರು. ಉಳಿದ 4 ಸಾವು ಹೃದಯದ್ದೇ ಅಲ್ಲ. ಒಬ್ಬರಿಗೆ ಮೂತ್ರಪಿಂಡದ ಕಾಯಿಲೆ. ಇನ್ನೊಬ್ಬರದು ರಸ್ತೆ ಅಪಘಾತ. ಹೀಗೆ ಬೇರೆ ಬೇರೆ ಕಾರಣ. ಆದರೆ ಊರಿನ ಬಾಯಲ್ಲಿ ಎಲ್ಲವೂ ಹಾರ್ಟ್ ಅಟ್ಯಾಕ್ ಆಗಿದ್ದವು.

ಸತ್ತವರ ವಿಷಯದಲ್ಲೇ ಇಷ್ಟು ಗೊಂದಲ. ಇನ್ನು ಬದುಕಿರುವವರು ಎದೆ ಹಿಡಿದುಕೊಂಡು ಕೂತಾಗ ಇದು ಯಾವ ನೋವು ಅಂತ ಹೇಳುವುದು ಹೇಗೆ?

ಮೊದಲು ಹಾರ್ಟ್ ಅಟ್ಯಾಕ್ ಅಂದರೆ ಏನು?

ಹೃದಯ ಒಂದು ಮಾಂಸದ ಪಂಪು. ನಮ್ಮ ಮುಷ್ಟಿಯಷ್ಟು ಇದೆ. ಹಗಲೂ ರಾತ್ರಿ ರಕ್ತವನ್ನು ಮೈಗೆಲ್ಲ ದೂಡುತ್ತದೆ. ಪಂಪಿಗೆ ಡೀಸೆಲ್ ಬೇಕಲ್ಲ? ಹಾಗೆ ಹೃದಯದ ಮಾಂಸಕ್ಕೂ ರಕ್ತ ಬೇಕು. ಅದನ್ನು ತಂದುಕೊಡಲು ಹೃದಯದ ಮೇಲೆಯೇ ಸಣ್ಣ ರಕ್ತನಾಳಗಳಿವೆ. ಈ ನಾಳದ ಒಳಗೆ ವರ್ಷಗಟ್ಟಲೆ ಕೊಬ್ಬು ಕೂರುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಒಡೆಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಚೆಗಿನ ಮಾಂಸಕ್ಕೆ ರಕ್ತ ಇಲ್ಲ. ಅದು ಸಾಯತೊಡಗುತ್ತದೆ. ಇದೇ ಹಾರ್ಟ್ ಅಟ್ಯಾಕ್, ಅಂದರೆ ಹೃದಯಾಘಾತ.

ಹೊತ್ತು ಕಳೆದ ಹಾಗೆ ಸಾಯುವ ಮಾಂಸ ಹೆಚ್ಚುತ್ತದೆ. ಬೇಗ ದಾರಿ ಬಿಡಿಸಿದರೆ ಹೃದಯ ಉಳಿಯುತ್ತದೆ. ಅದಕ್ಕೇ ಡಾಕ್ಟರು ನಿಮಿಷ ನಿಮಿಷಕ್ಕೂ ಲೆಕ್ಕ ಇಡುವುದು.

ಹಾಗಾದರೆ ಬೇರೆ ನೋವು ಅದೇ ಥರ ಯಾಕೆ ಕಾಣುತ್ತದೆ?

ಒಂದು ದೊಡ್ಡ ತೋಟ ಅಂದುಕೊಳ್ಳಿ. ಅಲ್ಲಿ ಹತ್ತು ಲೈನ್ ಮನೆ. ಎಲ್ಲ ಮನೆಗಳ ದಾರಿಯೂ ಒಂದೇ ಗೇಟಿಗೆ ಬಂದು ಸೇರುತ್ತದೆ. ಗೇಟು ಬಡಿದ ಸದ್ದು ಬಂಗಲೆಗೆ ಕೇಳುತ್ತದೆ. ಬಡಿದದ್ದು ಯಾವ ಮನೆಯವರು ಅಂತ ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ.

ನಮ್ಮ ಎದೆಯೂ ಹಾಗೇ. ಎದೆಗೂಡಿನ ಒಳಗೆ ಹೃದಯ ಒಂದೇ ಇಲ್ಲ. ಶ್ವಾಸಕೋಶ ಇದೆ. ಊಟ ಇಳಿಯುವ ಅನ್ನನಾಳ ಇದೆ. ಪಕ್ಕೆಲುಬು, ಅದರ ಮಾಂಸ, ನರ ಇವೆ. ಕೆಳಗೆ ಜಠರ, ಪಿತ್ತಕೋಶ ತಾಗಿಕೊಂಡಿವೆ. ಇವುಗಳ ನೋವಿನ ಸುದ್ದಿ ಒತ್ತೊತ್ತಾಗಿ ಒಂದೇ ದಾರಿ ಹಿಡಿದು ಬೆನ್ನುಹುರಿಗೆ ಹೋಗುತ್ತದೆ. ಅಲ್ಲಿಂದ ಮಿದುಳಿಗೆ. ಮಿದುಳಿಗೆ ಯಾವ ಮನೆಯ ಸುದ್ದಿ ಅಂತ ಸರಿಯಾಗಿ ತಿಳಿಯುವುದಿಲ್ಲ. ಹೃದಯದ ನೋವು ಎಡಗೈಯಲ್ಲಿ, ದವಡೆಯಲ್ಲಿ, ಬೆನ್ನಿನಲ್ಲಿ ಕಾಣುವುದೂ ಇದಕ್ಕೇ.

ಗ್ಯಾಸ್ ಅನ್ನುವ ಮಾತು

ನಮ್ಮ ಕಡೆ ಎದೆನೋವಿಗೆ ಮೊದಲ ಹೆಸರು ಗ್ಯಾಸ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಫಿ. ಆಮೇಲೆ ಎಲೆಅಡಿಕೆ, ಹೊಗೆಸೊಪ್ಪು. ಮಧ್ಯಾಹ್ನದ ಊಟ ಹೊತ್ತು ಮೀರಿ. ಹೊಟ್ಟೆಯ ಹುಳಿ ಅನ್ನನಾಳಕ್ಕೆ ಮೇಲೇರಿ ಬಂದರೆ ಎದೆ ನಡುವೆ ಉರಿ. ಹುಳಿ ತೇಗು. ಬಗ್ಗಿದರೆ, ಮಲಗಿದರೆ ಜಾಸ್ತಿ. ಇದು ನಿಜವಾದ ಕಾಯಿಲೆ. ತುಂಬಾ ಜನಕ್ಕೆ ಇದೆ.

ಆದರೆ ಹಾರ್ಟ್ ಅಟ್ಯಾಕ್ ಆದಾಗಲೂ ತೇಗು ಬರಬಹುದು. ಹೊಟ್ಟೆ ಉಬ್ಬರಿಸಬಹುದು. ವಾಂತಿ ಆಗಬಹುದು. "ಈನೋ ಕುಡಿದೆ, ಸ್ವಲ್ಪ ಕಮ್ಮಿ ಆಯ್ತು. ಅಂದ್ಮೇಲೆ ಗ್ಯಾಸೇ ಕಣೆ" ಅಂತಾರೆ. ಈ ಲೆಕ್ಕ ತಪ್ಪು. ಹೃದಯದ ನೋವು ತಾನಾಗೇ ಏರಿ ಇಳಿಯುತ್ತದೆ. ಅದು ಇಳಿಯುವ ಹೊತ್ತಿಗೆ ನೀವು ಸೋಡಾ ಕುಡಿದಿರಬಹುದು, ಅಷ್ಟೆ.

ತಮಾಷೆ ನೋಡಿ. ಇದರ ಉಲ್ಟಾ ಕೂಡ ಇದೆ. ಕೆಲವರಿಗೆ ಅನ್ನನಾಳ ಹಗ್ಗ ಹೊಸೆದ ಹಾಗೆ ಬಿಗಿದುಕೊಳ್ಳುತ್ತದೆ. ಎದೆ ಹಿಂಡಿದ ಹಾಗೆ ನೋವು. ಹೃದಯದ ನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಇದೆಯಲ್ಲ, ಅದನ್ನು ಇಟ್ಟರೆ ಈ ನೋವೂ ಕಮ್ಮಿ ಆಗುತ್ತದೆ! ಆ ಮಾತ್ರೆ ಬಿಗಿದ ನಾಳವನ್ನು ಸಡಿಲ ಮಾಡುತ್ತದೆ. ಅದು ರಕ್ತನಾಳವೋ ಅನ್ನನಾಳವೋ ಎಂದು ಅದು ಕೇಳುವುದಿಲ್ಲ. ಆದ್ದರಿಂದ ಯಾವ ಔಷಧಿಗೆ ನೋವು ನಿಂತಿತು ಅನ್ನುವುದರಿಂದ ಕಾಯಿಲೆ ಗೊತ್ತಾಗುವುದಿಲ್ಲ.

ಪಿತ್ತಕೋಶದಲ್ಲಿ ಕಲ್ಲಾದರೂ ಹೀಗೇ. ಇದು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಹಬ್ಬದ ಊಟ, ಹಂದಿ ಮಾಂಸದ ಊಟ ಆದಮೇಲೆ ರಾತ್ರಿ ಹೊತ್ತು ಬಲಪಕ್ಕೆಯ ಕೆಳಗೆ, ಕೆಲವೊಮ್ಮೆ ಎದೆಯ ಗುಂಡಿಯಲ್ಲೇ, ಹಿಡಿದುಕೊಳ್ಳುತ್ತದೆ. ಬಲಭುಜಕ್ಕೆ ಏರುತ್ತದೆ. ಬೆವರು, ವಾಂತಿ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರೆ ಕಲ್ಲು ಕಾಣುತ್ತದೆ.

ಮೂಟೆ ಹೊತ್ತ ನೋವು

ಹಣ್ಣು ಕೊಯ್ಲಿನ ಕಾಲದಲ್ಲಿ ಎಲ್ಲರಿಗೂ ಮೈಕೈ ನೋವು. ದಿನವಿಡೀ ಕೈ ಮೇಲೆತ್ತಿ ಗಿಡದ ಕೊಂಬೆ ಬಗ್ಗಿಸಬೇಕು. ಸಂಜೆ ಹಣ್ಣಿನ ಚೀಲ ಹೊರಬೇಕು. ಪಕ್ಕೆಲುಬುಗಳು ಎದೆಯ ನಡುಮೂಳೆಗೆ ಸೇರುವ ಜಾಗ ಇದೆಯಲ್ಲ, ಅಲ್ಲಿ ಮೆತ್ತನೆಯ ಎಲುಬಿದೆ. ಅಲ್ಲಿ ಬಾವು ಬಂದರೆ ಎದೆ ಚುಚ್ಚುತ್ತದೆ. ಎಡಗಡೆ ಬಂದರಂತೂ ಜೀವ ಬಾಯಿಗೆ ಬರುತ್ತದೆ. ಬೆರಳಿನಿಂದ ಒತ್ತಿದರೆ "ಅಲ್ಲೇ, ಅಲ್ಲೇ" ಅನ್ನುವಷ್ಟು ನೋವು. ಕೆಮ್ಮಿದರೆ, ತಿರುಗಿದರೆ ಹೆಚ್ಚು. ಇದರಿಂದ ಜೀವಕ್ಕೆ ಅಪಾಯ ಇಲ್ಲ. ಆದರೂ ಒತ್ತಿದಾಗ ನೋವಾಯಿತು ಅಂತ ಹೃದಯ ಸರಿಯಾಗಿದೆ ಎಂದು ನಾವೇ ತೀರ್ಪು ಕೊಡಬಾರದು. ನಡುವಯಸ್ಸಾದವರು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಒಮ್ಮೆ ತೋರಿಸಲೇಬೇಕು.

ಸರ್ಪಸುತ್ತು ಮೊದಲು ಎದೆಗೆ ಬರಬಹುದು

ಸರ್ಪಸುತ್ತು ಎಲ್ಲರಿಗೂ ಗೊತ್ತು. ಮೈ ಮೇಲೆ ಸಾಲಾಗಿ ನೀರುಗುಳ್ಳೆ ಏಳುತ್ತವೆ. ಆದರೆ ಗುಳ್ಳೆ ಏಳುವುದಕ್ಕೆ ಒಂದೆರಡು ದಿನ, ಕೆಲವರಿಗೆ ನಾಲ್ಕೈದು ದಿನ ಮುಂಚೆಯೇ ನೋವು ಶುರುವಾಗುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಎಡಗಡೆ ಎದೆಯಿಂದ ಬೆನ್ನಿನವರೆಗೆ ಪಟ್ಟಿ ಕಟ್ಟಿದ ಹಾಗೆ ಉರಿ. ರವಿಕೆ ತಾಗಿದರೂ ತಡೆಯಲಾಗುವುದಿಲ್ಲ. ಮೈ ನೋಡಿದರೆ ಏನೂ ಇಲ್ಲ! ಮನೆಯವರು ಹಾರ್ಟ್ ಅಂತ ಹೆದರುತ್ತಾರೆ. ಇ.ಸಿ.ಜಿ. ಸರಿ ಇರುತ್ತದೆ. ಮೂರನೇ ದಿನ ಗುಳ್ಳೆ ಎದ್ದಾಗ ಗುಟ್ಟು ಹೊರಬೀಳುತ್ತದೆ.

ಇದು ಹಾವಿನ ಶಾಪ ಅಲ್ಲ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದಿರುತ್ತದೆ. "ಅಮ್ಮ ಆಗಿದೆ" ಅಂತಾರಲ್ಲ, ಅದೇ. ಆ ರೋಗದ ಅಣು ಪೂರ್ತಿ ಸಾಯುವುದಿಲ್ಲ. ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾದಾಗ, ಮೈ ಸೋತಾಗ ಏಳುತ್ತದೆ. ಒಂದು ನರದ ದಾರಿ ಹಿಡಿದು ಬರುವುದರಿಂದ ಮೈಯ ಒಂದೇ ಪಕ್ಕಕ್ಕೆ ಪಟ್ಟಿಯ ಹಾಗೆ ಕಾಣುತ್ತದೆ.

"ಹಾವಿನ ತಲೆ ಬಾಲ ಸೇರಿದ್ರೆ ಜೀವ ಹೋಗುತ್ತೆ" ಅಂತ ಅಜ್ಜಿಯರು ಹೆದರಿಸುತ್ತಾರೆ. ಅದು ನಿಜವಲ್ಲ. ಸಾಮಾನ್ಯವಾಗಿ ಅದು ಮೈಯ ನಡುಗೆರೆ ದಾಟುವುದೇ ಇಲ್ಲ. ಕೆಮ್ಮಣ್ಣು ಬಳಿದು ಕೂತರೆ ಹೊತ್ತು ಹಾಳು. ಗುಳ್ಳೆ ಎದ್ದ ಮೂರು ದಿನದ ಒಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯ ಗುಣ. ತಡವಾದರೆ ಗುಳ್ಳೆ ಒಣಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಉರಿ ಉಳಿಯುತ್ತದೆ.

ಎದೆ ಒಡೆಯುವುದು ಅಂದರೆ ಬರೀ ಮಾತಲ್ಲ

"ಮಗ ಹೋದ ಸುದ್ದಿ ಕೇಳಿ ತಾಯಿ ಎದೆ ಒಡೆದು ಸತ್ತಳು." ಈ ಮಾತು ನಾವು ಹಿಂದಿನಿಂದ ಕೇಳಿದ್ದೇವೆ. ಕತೆಯಲ್ಲಿ ಬರುವ ಮಾತು ಅಂದುಕೊಂಡಿದ್ದೆವು. ವೈದ್ಯರು ಈಗ ಇದಕ್ಕೆ ಹತ್ತಿರದ ಒಂದು ನಿಜವಾದ ಕಾಯಿಲೆ ಇದೆ ಎನ್ನುತ್ತಾರೆ.

ಜಪಾನ್ ದೇಶದ ವೈದ್ಯರು 1990ರಲ್ಲಿ ಇದಕ್ಕೆ ಒಂದು ಹೆಸರು ಕೊಟ್ಟರು. ಟಾಕೊಟ್ಸುಬೊ. ಹಾಗೆಂದರೆ ಆಕ್ಟೋಪಸ್ ಹಿಡಿಯುವ ಮಡಕೆ. ಆಕ್ಟೋಪಸ್ ಅಂದರೆ ಎಂಟು ಕೈಗಳ ಕಡಲಿನ ಪ್ರಾಣಿ. ನಮ್ಮ ಹಳ್ಳದಲ್ಲಿ ಮೀನಿಗೆ ಬಿದಿರ ಬುಟ್ಟಿ ಇಡುವ ಹಾಗೆ ಅಲ್ಲಿನ ಮೀನುಗಾರರು ಆ ಪ್ರಾಣಿಗೆ ಮಡಕೆ ಇಡುತ್ತಾರೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಈ ಕಾಯಿಲೆಯಲ್ಲಿ ಹೃದಯದ ತುದಿ ಕೆಲಸ ನಿಲ್ಲಿಸಿ ಉಬ್ಬಿಕೊಳ್ಳುತ್ತದೆ. ಚಿತ್ರ ತೆಗೆದು ನೋಡಿದರೆ ಥೇಟ್ ಆ ಮಡಕೆಯ ಹಾಗೆ ಕಾಣುತ್ತದೆ.

ಯಾಕೆ ಹೀಗಾಗುತ್ತದೆ? ದೊಡ್ಡ ದುಃಖ, ದೊಡ್ಡ ಹೆದರಿಕೆ, ದೊಡ್ಡ ಜಗಳ ಆದಾಗ ಮೈಯೊಳಗೆ ಅಡ್ರಿನಲಿನ್ ಎಂಬ ರಸ ಒಮ್ಮೆಲೇ ನುಗ್ಗುತ್ತದೆ. ಆನೆ ಎದುರಾದಾಗ ನಮ್ಮನ್ನು ಓಡಿಸುವ ರಸವೇ ಅದು. ಮಿತಿ ಮೀರಿದರೆ ಹೃದಯದ ಮಾಂಸ ಮಂಕಾಗುತ್ತದೆ. ಹಾಗಂತ ವೈದ್ಯರು ತಿಳಿದಿದ್ದಾರೆ. 2004ರ ಅಕ್ಟೋಬರ್‌ನಲ್ಲಿ ಜಪಾನಿನ ನೀಗಾಟ ಎಂಬಲ್ಲಿ ಭೂಕಂಪ ಆಯಿತು. ಅದರ ನಂತರದ ದಿನಗಳಲ್ಲಿ ಆ ಕಡೆ ಈ ಕಾಯಿಲೆಯವರು ಹೆಚ್ಚು ಕಂಡರು. ನಮ್ಮ ತಾಲ್ಲೂಕಿನಲ್ಲೂ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿಯಿತು. ಮನೆ, ತೋಟ ಮಣ್ಣಿನಡಿ ಹೋದವು. ಅಂಥ ಹೊತ್ತಿನಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ "ದುಃಖಕ್ಕೆ ಹಾಗಾಗಿದೆ, ಸಮಾಧಾನ ಮಾಡಿ" ಎಂದು ಬಿಟ್ಟುಬಿಡಬಾರದು.

ಈ ಕಾಯಿಲೆ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಅದರಲ್ಲೂ ಮುಟ್ಟು ನಿಂತವರೇ ಹೆಚ್ಚು. ನೋವು ಹಾರ್ಟ್ ಅಟ್ಯಾಕಿನದೇ. ಇ.ಸಿ.ಜಿ. ಕೂಡ ಬದಲಾಗುತ್ತದೆ. ರಕ್ತ ಪರೀಕ್ಷೆಯೂ ಕೆಟ್ಟದ್ದೇ ತೋರಿಸುತ್ತದೆ. ಅಂದರೆ ಡಾಕ್ಟರಿಗೂ ಮೊದಲು ವ್ಯತ್ಯಾಸ ತಿಳಿಯದು! ಆಂಜಿಯೋಗ್ರಾಂ ಮಾಡಿ ರಕ್ತನಾಳ ನೋಡಿದಾಗ ಈ ನೋವಿಗೆ ಕಾರಣವಾಗುವಂಥ ಅಡ್ಡಿ ಅಲ್ಲಿ ಇರುವುದಿಲ್ಲ. ಆಗ ಗೊತ್ತಾಗುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಹೃದಯ ಮೊದಲಿನಂತೆ ಆಗುತ್ತದೆ. ಆದರೆ ಮೊದಲ ಕೆಲವು ದಿನ ಅಪಾಯ ಇದ್ದೇ ಇದೆ. ಸತ್ತವರೂ ಇದ್ದಾರೆ. ಹಾಗಾಗಿ ಆ ದಿನಗಳನ್ನು ಆಸ್ಪತ್ರೆಯಲ್ಲೇ ಕಳೆಯಬೇಕು.

ಗಾಬರಿಯ ಕಾಯಿಲೆ

ಇನ್ನೊಂದು ಇದೆ. ಪ್ಯಾನಿಕ್ ಅಟ್ಯಾಕ್ ಅಂತಾರೆ. ಸುಮ್ಮನೆ ಕೂತಿದ್ದಾಗ ಎದೆ ಡವಡವ. ಉಸಿರು ಸಾಲದು. ಬೆರಳು, ತುಟಿ ಜುಮ್ಮೆನ್ನುತ್ತವೆ. "ಸತ್ತೇ ಹೋಗ್ತೀನಿ" ಅನ್ನಿಸುತ್ತದೆ. ಹತ್ತು ನಿಮಿಷದೊಳಗೆ ತುದಿಗೆ ಏರಿ, ಆಮೇಲೆ ಇಳಿಯುತ್ತದೆ. ಹಾಸನದ ಸುದ್ದಿ ಕೇಳಿ ಕೇಳಿಯೇ ಎಷ್ಟೋ ಜನರ ಎದೆ ಹೀಗೆ ಹೊಡೆದುಕೊಂಡಿರಬಹುದು.

ಇದು ನಾಟಕ ಅಲ್ಲ. ದೆವ್ವವೂ ಅಲ್ಲ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಮಾತ್ರೆಯೂ ಇದೆ. ಆದರೆ ಇಲ್ಲಿ ನನಗೆ ಒಂದು ತಕರಾರಿದೆ. ಗಂಡಸು ಎದೆನೋವು ಅಂದರೆ ಜೀಪು ಬರುತ್ತದೆ. ಹೆಂಗಸು ಎದೆನೋವು ಅಂದರೆ "ಟೆನ್ಷನ್ ಮಾಡ್ಕೊಂಡಿದಾಳೆ" ಅನ್ನುವ ಮಾತು ಬರುತ್ತದೆ. ಟೆನ್ಷನ್ ಅನ್ನುವ ಹೆಸರು ಇ.ಸಿ.ಜಿ. ಆದ ಮೇಲೆ ಬರಬೇಕು. ಮೊದಲೇ ಅಲ್ಲ.

ಯಾಕೆಂದರೆ ಹೆಂಗಸರ ಹಾರ್ಟ್ ಅಟ್ಯಾಕ್ ಕೆಲವೊಮ್ಮೆ ವೇಷ ಹಾಕಿ ಬರುತ್ತದೆ. ಎದೆನೋವು ಹೆಂಗಸರಿಗೂ ಮುಖ್ಯ ಗುರುತೇ. ಅದರ ಜೊತೆಗೆ, ಅಥವಾ ಅದಿಲ್ಲದೆ, ಬೇರೆಯವು ಬರಬಹುದು. ಏದುಸಿರು. ದವಡೆ ಸೆಳೆತ. ಎರಡು ಭುಜಗಳ ನಡುವೆ ಬೆನ್ನು ನೋವು. ವಾಕರಿಕೆ. ತಣ್ಣನೆ ಬೆವರು. ಕಾರಣ ಇಲ್ಲದ ಸುಸ್ತು. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು. ಅಡುಗೆ ಮುಗಿಸಿ, ದನ ಕಟ್ಟಿ, ಮಕ್ಕಳನ್ನು ಮಲಗಿಸಿ ಆಮೇಲೆ ಹೇಳೋಣ ಅಂತ ಕೂತವರು ಹೊತ್ತು ಕಳೆದುಕೊಳ್ಳುತ್ತಾರೆ.

ಹೃದಯದ್ದಲ್ಲ, ಆದರೂ ಕಾಯಬಾರದು

ಹಾರ್ಟ್ ಅಟ್ಯಾಕ್ ಅಲ್ಲ ಅಂದ ಮಾತ್ರಕ್ಕೆ ನೆಮ್ಮದಿಯ ವಿಷಯ ಅಂದುಕೊಳ್ಳಬೇಡಿ. ಕೆಲವು ಅಷ್ಟೇ ಅಪಾಯದವು.

ಬಾಣಂತಿಯರ ವಿಷಯ ನೋಡಿ. ಹೆರಿಗೆಯಾದ ಮೇಲೆ ಸುಮಾರು ಆರು ವಾರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅಲುಗಾಡದೆ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕೂರಬಹುದು. ಒಂದೇ ಕಾಲು ಊದಿ ನೋಯುತ್ತದೆ. ಆ ಹೆಪ್ಪಿನ ತುಂಡು ಕಳಚಿ ರಕ್ತದ ಜೊತೆ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ? ಒಮ್ಮೆಲೇ ಉಸಿರು ಕಟ್ಟುತ್ತದೆ. ಉಸಿರೆಳೆದರೆ ಎದೆ ಚುಚ್ಚುತ್ತದೆ. ಕೆಲವರ ಕಫದಲ್ಲಿ ರಕ್ತ ಬರುತ್ತದೆ. ಮನೆಯವರು ಬಾಣಂತಿ ಸನ್ನಿ ಅಂತ ಬಾಗಿಲು ಹಾಕಿ ಬೆಚ್ಚಗೆ ಮಲಗಿಸಿದರೆ ಜೀವ ಹೋಗಬಹುದು. ಆಪರೇಷನ್ ಆದವರಿಗೆ, ಕಾಲು ಮುರಿದು ಪಟ್ಟು ಹಾಕಿಸಿಕೊಂಡವರಿಗೂ ಇದೇ ಅಪಾಯ. ಬಾಣಂತಿ ಡಾಕ್ಟರು ಹೇಳಿದಂತೆ ಬೇಗ ಎದ್ದು ಓಡಾಡುವುದು ಒಳ್ಳೆಯದು.

ಬಿ.ಪಿ. ತುಂಬಾ ಏರಿದವರಿಗೆ ಅಪರೂಪಕ್ಕೆ ಇನ್ನೊಂದು ಆಗುತ್ತದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳುತ್ತದೆ. ಬಟ್ಟೆ ಹರಿದಂತೆ ನೋವು, ಎದೆಯಿಂದ ಬೆನ್ನಿಗೆ. ಇಲ್ಲಿ ಒಂದು ಮುಖ್ಯ ವಿಷಯ ಇದೆ. ಹಾರ್ಟ್ ಅಟ್ಯಾಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಅದೇ ಇಂಜೆಕ್ಷನ್ ಈ ಕಾಯಿಲೆಗೆ ಕೊಟ್ಟರೆ ರಕ್ತ ಸೋರಿ ಸಾವು ಬರಬಹುದು. ಡಾಕ್ಟರು ಎರಡು ಕೈಯಲ್ಲೂ ಬಿ.ಪಿ. ನೋಡುವುದು, ಬೆನ್ನು ನೋವು ಇದೆಯಾ ಎಂದು ಕೇಳುವುದು ಇದಕ್ಕೇ. ಸುಮ್ಮನೆ ತಡ ಮಾಡುತ್ತಾರೆ ಅಂದುಕೊಳ್ಳಬೇಡಿ.

ತೋಟದಲ್ಲಿ ಹೆಜ್ಜೇನು ಕಚ್ಚಿದ ಮೇಲೆ ಎದೆನೋವು ಬಂದರೆ ಅದೂ ಸಣ್ಣದಲ್ಲ. ಕೆಲವರ ಮೈಗೆ ಜೇನಿನ ವಿಷ, ಇನ್ನು ಕೆಲವರಿಗೆ ಯಾವುದೋ ಇಂಜೆಕ್ಷನ್ ಒಗ್ಗುವುದಿಲ್ಲ. ಮೈ ತುರಿಸಿ ದದ್ದು ಏಳುತ್ತದೆ. ಅದರ ಜೊತೆಗೆ ಹೃದಯದ ರಕ್ತನಾಳವೂ ಬಿಗಿದುಕೊಳ್ಳಬಹುದು. ಗ್ರೀಸ್ ದೇಶದ ಕೌನಿಸ್ ಎಂಬ ವೈದ್ಯರು 1991ರಲ್ಲಿ ಇದನ್ನು ವಿವರಿಸಿದರು. ಹಾಗಾಗಿ ಇದಕ್ಕೆ ಅವರದೇ ಹೆಸರು. ಇದು ವೇಷ ಹಾಕಿದ ಹಾರ್ಟ್ ಅಟ್ಯಾಕ್ ಅಲ್ಲ, ಬೇರೆ ದಾರಿಯಿಂದ ಬಂದ ಹಾರ್ಟ್ ಅಟ್ಯಾಕೇ.

ಗಿಡಕ್ಕೆ ಔಷಧಿ ಹೊಡೆದು ಬಂದವರಿಗೆ ಎದೆ ಬಿಗಿತ, ಬೆವರು ಬಂದರೆ ಕಣ್ಣು ನೋಡಿ. ಕಣ್ಣಿನ ಕಪ್ಪು ಬೊಟ್ಟು ಸಾಸಿವೆಯಷ್ಟು ಸಣ್ಣ ಆಗಿದೆಯಾ? ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು ಇದೆಯಾ? ಅದು ಕೀಟನಾಶಕದ ವಿಷ ಇರಬಹುದು. ಬಟ್ಟೆ ಬಿಚ್ಚಿ ಸೋಪು ನೀರಿನಲ್ಲಿ ಮೈ ತೊಳೆಸಿ. ತೊಳೆಸುವವರು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಔಷಧಿಯ ಬಾಟಲಿಯನ್ನೋ ಅದರ ಚೀಟಿಯನ್ನೋ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ಚೀಟಿಯ ಮೇಲಿನ ಹೆಸರು ಓದಿ ಡಾಕ್ಟರು ಮದ್ದು ಕೊಡುತ್ತಾರೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಇ.ಸಿ.ಜಿ. ಎದೆಗೆ, ಕೈಕಾಲಿಗೆ ವೈರು ಅಂಟಿಸುತ್ತಾರೆ. ಕರೆಂಟು ಹೊಡೆಯುವುದಿಲ್ಲ. ಅದು ಕರೆಂಟು ಕೊಡುವ ಯಂತ್ರವಲ್ಲ. ನಮ್ಮ ಹೃದಯದ ಸಣ್ಣ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ. ಐದು ಹತ್ತು ನಿಮಿಷದ ಕೆಲಸ. ರವಿಕೆ ಸಡಿಲಿಸಬೇಕಾಗುತ್ತದೆ. ನಾಚಿಕೆಯಾದರೆ ನರ್ಸಮ್ಮ ಇರಲಿ ಎಂದು ಕೇಳಿ, ಪರದೆ ಎಳೆಯಲು ಹೇಳಿ. ಅದು ನಿಮ್ಮ ಹಕ್ಕು.

ಒಂದು ಇ.ಸಿ.ಜಿ. ಸರಿ ಇದ್ದರೆ ಕೆಲಸ ಮುಗಿಯಲಿಲ್ಲ. ಹಾರ್ಟ್ ಅಟ್ಯಾಕ್ ಶುರುವಿನಲ್ಲಿ ಗೆರೆ ಸರಿಯಾಗಿಯೇ ಇರಬಹುದು. ಅದಕ್ಕೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ. ರಕ್ತದಲ್ಲಿ ಟ್ರೋಪೋನಿನ್ ಎಂಬುದನ್ನೂ ನೋಡುತ್ತಾರೆ. ಹೃದಯದ ಮಾಂಸಕ್ಕೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಸೋರಲು ಕೆಲವು ಗಂಟೆ ಬೇಕು. ಹಾಗಾಗಿ ಅದನ್ನೂ ಎರಡು ಸಲ ಮಾಡಬೇಕಾಗಬಹುದು. "ಮತ್ತೆ ಮತ್ತೆ ರಕ್ತ ತೆಗೀತಾರೆ" ಅಂತ ಎದ್ದು ಬರಬೇಡಿ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಆಗ ಅವರಿಗೆ 46 ವರ್ಷ. ಅವರ ಹೆಸರಿನಲ್ಲಿ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ಈ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿಯವರು ನೋಡಿ ಹೌದು ಎಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ತಾಲ್ಲೂಕಿನಲ್ಲೇ ಕೊಡುತ್ತಾರೆ. ಬಹಳ ದುಬಾರಿ ಇಂಜೆಕ್ಷನ್ ಅದು. ಈ ಯೋಜನೆಯಲ್ಲಿ ಪುಕ್ಕಟೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿಟ್ಟುಕೊಳ್ಳಿ. ನೋವು ಬಂದ ರಾತ್ರಿ ಕೇಳುವ ವಿಷಯ ಅಲ್ಲ ಅದು.

ಹೋಗುವುದು ಹೇಗೆ?

"ಹೋಗಿ ಏನೂ ಇಲ್ಲ ಅಂದ್ರೆ ನಾಚಿಕೆ ಅಲ್ವಾ ಅಕ್ಕ?" ಅಂತ ಕೇಳುತ್ತಾರೆ. ಲೆಕ್ಕ ಹಾಕಿ. ಗ್ಯಾಸನ್ನು ಹಾರ್ಟ್ ಅಂದುಕೊಂಡು ಹೋದರೆ ಒಂದು ದಿನದ ಕೂಲಿ, ಗಾಡಿ ಬಾಡಿಗೆ ಹೋಗುತ್ತದೆ. ಹಾರ್ಟನ್ನು ಗ್ಯಾಸ್ ಅಂದುಕೊಂಡು ಮಲಗಿದರೆ ಏನು ಹೋಗುತ್ತದೆ?

ಎದೆ ಬಿಗಿತ, ನೋವು ಹತ್ತು ಹದಿನೈದು ನಿಮಿಷ ಮೀರಿತೋ, ಬೆವರು, ಏದುಸಿರು ಕೂಡಿತೋ, ಹೊರಡಿ. 108ಕ್ಕೆ ಫೋನ್ ಮಾಡಿ. ನಮ್ಮ ಎಷ್ಟೋ ತೋಟಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಸಿಕ್ಕರೂ ಗಾಡಿ ಬರಲು ಹೊತ್ತಾಗಬಹುದು. ಹಾಗಿದ್ದರೆ ಜೀಪೋ ಆಟೋವೋ ಹಿಡಿಯಿರಿ. ರೋಗಿಯನ್ನು ನಡೆಸಬೇಡಿ. ಬೈಕಿನ ಮೇಲೆ ನಡುವೆ ಕೂರಿಸಬೇಡಿ. ಒರಗಿ ಕೂರಿಸಿ. ಮನೆಯಲ್ಲಿ ಬೇರೆಯವರಿಗೆ ಕೊಟ್ಟ ಹೃದಯದ ಮಾತ್ರೆ ಇದೆ ಅಂತ ನುಂಗಿಸಬೇಡಿ. ಆಸ್ಪಿರಿನ್ ಕೊಡಬಹುದೇ ಎಂದು 108ರವರನ್ನೋ ಡಾಕ್ಟರನ್ನೋ ಕೇಳಿ. ಅದು ಎಲ್ಲರಿಗೂ ಆಗಿಬರುವುದಿಲ್ಲ.

ಹೊರಡುವಾಗ ಒಂದು ಚೀಟಿಯಲ್ಲಿ ಬರೆಯಿರಿ. ನಿಮಗೆ ಈಗ ಬರೆಯಲು ಬರುತ್ತದೆ. ನೋವು ಶುರುವಾದ ಗಂಟೆ ಎಷ್ಟು? ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು? ಏನು ತಿಂದಿರಿ, ಯಾವ ಮಾತ್ರೆ ನುಂಗಿದಿರಿ? ಬಿ.ಪಿ., ಸಕ್ಕರೆ ಇದೆಯಾ? ಜೇನು ಕಚ್ಚಿತ್ತಾ, ಔಷಧಿ ಹೊಡೆದಿದ್ದಿರಾ, ಮನೆಯಲ್ಲಿ ಸಾವು ನೋವು ಆಗಿತ್ತಾ? ಡಾಕ್ಟರು ಕೇಳುವುದು ಇದನ್ನೇ. ನೋವಿನಲ್ಲಿ ಬಾಯಿಂದ ಮಾತು ಹೊರಡದಿದ್ದರೆ ಚೀಟಿ ಹೇಳುತ್ತದೆ.

ಮನೆಗೆ ಕಳಿಸಿದರೆ ಇ.ಸಿ.ಜಿ. ಕಾಗದ ಕೇಳಿ ಪಡೆಯಿರಿ. ಅದರ ಮೇಲೆ ನಿಮ್ಮ ಹೆಸರು, ತಾರೀಕು, ಗಂಟೆ ಸರಿ ಇದೆಯಾ ಓದಿ ನೋಡಿ. ಮುಂದೆ ಎಂದಾದರೂ ಎದೆನೋವು ಬಂದರೆ ಹೊಸ ಗೆರೆಯನ್ನು ಹಳೆಯ ಗೆರೆಯ ಪಕ್ಕ ಇಟ್ಟು ಡಾಕ್ಟರು ಬೇಗ ತೀರ್ಮಾನಕ್ಕೆ ಬರುತ್ತಾರೆ. ಆ ಕಾಗದ ಹೆಚ್ಚಾಗಿ ಬಸ್ ಟಿಕೆಟಿನ ಥರದ್ದು. ಬಿಸಿ ತಾಗಿದರೆ ಅಳಿಸಿಹೋಗುತ್ತದೆ. ಒಂದು ಜೆರಾಕ್ಸ್ ಮಾಡಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಬೇಡ, ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆಯಲ್ಲಿ ಇಡಿ. ಎಲ್ಲಿಟ್ಟಿದ್ದೀರಿ ಅಂತ ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿರಿ.